ಮಾರ್ಚ್‌ಮಾಂಟ್ ಕಾರಿನ ಬಲಗೆನ್ನೆ

ಹದಿನೆಂಟು ವರ್ಷ ಒಂದೇ ಮುಖ ಹೊತ್ತು ಓಡಿದ ಮಾರ್ಚ್‌ಮಾಂಟ್ ಕಾರಿಗೆ ಹೊಸ ಮುಖ ಕೂರಿಸಬೇಕೆಂದು ೧೯೮೬ರಲ್ಲಿ ಕಂಪನಿಯ ಯಜಮಾನರಿಗೆ ಹೊಳೆಯಿತು. ಮೈ ಹಳೆಯದೇ, ಎಂಜಿನ್ ಹಳೆಯದೇ, ಒಳಗಿನ ಚರ್ಮದ ಸೀಟೂ ಹಳೆಯದೇ. ಮೂತಿ ಮಾತ್ರ ಹೊಸದು. ಅಜ್ಜಿಯ ಹುಬ್ಬು ತೀಡಿ ಮದುವೆಗೆ ಕೂರಿಸುವ ಕೆಲಸ ಇದು ಎಂದು ಕಾರ್ಖಾನೆಯವರೇ ನಗಾಡಿದರು. ನಕ್ಕರೂ ಜೀವ ತೇದು ದುಡಿದರು. ಅಕ್ಟೋಬರಿನ ಬರ್ಮಿಂಗ್‌ಹ್ಯಾಮ್ ಕಾರು ಪ್ರದರ್ಶನದಲ್ಲಿ ಅಜ್ಜಿಯನ್ನು ಯಾರೂ ಒಪ್ಪದಿದ್ದರೆ ಕಾರ್ಖಾನೆಗೆ ಬೀಗ ಬೀಳುವುದು ಖಂಡಿತವಾಗಿತ್ತು.

ಹೊಸ ಮೂತಿಯ ನಕ್ಷೆ ಬರೆದವನು ಲೆನ್ ಪಾರ್ಜಿಟರ್. ಕಾರಿನ ನಕ್ಷೆಯನ್ನು ಯಾರೂ ಇಡಿಯಾಗಿ ಬರೆಯುವುದಿಲ್ಲ. ಎಡಭಾಗ ಬರೆದು, ನಡುವೆ ಒಂದು ಗೆರೆ ಎಳೆದು, ಬಲಗಡೆಯೂ ಹೀಗೆಯೇ ಎಂದು ಷರಾ ಹಾಕಿದರೆ ಮುಗಿಯಿತು. ಯಂತ್ರದಲ್ಲಿ ಒತ್ತಿ ತೆಗೆದ ಕಾರಿಗೆ ಅಷ್ಟು ಸಾಕು. ಮಾರ್ಚ್‌ಮಾಂಟ್ ಮಾತ್ರ ಸುತ್ತಿಗೆಯಿಂದ ಬಡಿದು ಮಾಡುವ ಕಾರು. ತಗಡನ್ನು ಮೇಲೆ ಕೂರಿಸಿ ಬಡಿಯುವ ಮರದ ಅಚ್ಚು ಯಾವ ಕಾಲದಲ್ಲೋ ಸೊಟ್ಟಗಾಗಿತ್ತು. ತಗಡು ಬಡಿಯುವವರಲ್ಲಿ ಎಲ್ಲರಿಗಿಂತ ಹಿರಿಯನಾದ ವಿಲ್ಫ್ ಟ್ರಾಂಟರ್ ಈ ಗುಟ್ಟನ್ನು ಚಹಾದ ಹೊತ್ತಿನಲ್ಲಿ ಲೆನ್‌ಗೆ ಹೇಳಿಯೂ ಇದ್ದ.

"ಲೇ ಲೆನ್, ಎರಡೂ ಕಡೆ ಟೇಪು ಹಿಡಿಯೋ. ಈ ಮುದುಕಿ ಬಲಗೆನ್ನೆ ಸ್ವಲ್ಪ ಹಿಂದಕ್ಕಿದೆ. ಹದಿನೆಂಟು ವರ್ಷದಿಂದ ನಾನೇ ಹೆಂಗೋ ಎಳೆದು ಸರಿ ಮಾಡ್ಕೊಂಡ್ ಬಂದಿದೀನಿ."

"ಆಯ್ತು ವಿಲ್ಫ್, ಅಳೀತೀನಿ. ನೀವು ಮೊದ್ಲು ಮೀಸೆಗೆ ಅಂಟಿರೋ ಬಿಸ್ಕತ್ತು ಒರೆಸ್ಕೊಳ್ಳಿ."

ಅಳೆಯಬೇಕಾದ ಶುಕ್ರವಾರ ಕಾರಿನ ಬಲಮಗ್ಗುಲು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬ್ಯಾಟರಿ ಸತ್ತಿತ್ತು. ನಾಲ್ಕು ಜನರನ್ನು ಕರೆದು ತಳ್ಳಿಸಬೇಕಿತ್ತು. ಹೆಂಡತಿ ಮಕ್ಕಳು ವೇಲ್ಸ್‌ನ ಸಮುದ್ರತೀರಕ್ಕೆ ಹೊರಟು ಗೇಟಿನ ಬಳಿ ಕಾಯುತ್ತಿದ್ದರು. ಲೆನ್ ಎಡಗಡೆ ಅಳೆದ, ಗೆರೆ ಎಳೆದ, ಷರಾ ಹಾಕಿದ, ಹೊರಟುಹೋದ.

ಸೆಪ್ಟೆಂಬರ್ ಮೊದಲ ವಾರ, ಲೆನ್ ಅಳೆದಿದ್ದಾನೆಂದು ನಂಬಿ ವಿಲ್ಫ್ ನಕ್ಷೆಯಂತೆಯೇ ಬಡಿದ ಮೂತಿಯನ್ನು ಕಾರಿಗೆ ಹಿಡಿದು ನೋಡಿದರು. ಎಡಗಡೆ ಕೂದಲು ತೂರದಷ್ಟು ಚೆನ್ನಾಗಿ ಕೂತಿತು. ಬಲಗಡೆ ಒಂದು ಬೆರಳು ಹೋಗುವಷ್ಟು ಸಂದು.

ವಿಲ್ಫ್ ಮೊದಲು ತಿರುಗಿದ್ದೇ ಲೆನ್ ಕಡೆಗೆ. "ಎರಡೂ ಕಡೆ ಅಳೆದಿದ್ದೆ ತಾನೇ?"

ಮೇಲಧಿಕಾರಿ ಆರ್ಮಿಟೇಜ್ ಪಕ್ಕದಲ್ಲೇ ನಿಂತಿದ್ದ. ಆ ದಿನಗಳಲ್ಲಿ ನಲವತ್ತು ದಾಟಿದ ಲೆನ್‌ಗೆ ಈ ಕೆಲಸ ಹೋದರೆ ಇನ್ನೊಂದು ಸಿಗುವುದು ಕನಸಿನ ಮಾತು. ಲೆನ್‌ನ ನಾಲಿಗೆ ಅವನಿಗಿಂತ ಮುಂಚೆಯೇ ಹೊರಳಿತು.

"ಅಳೆದಿದ್ದೆ."

"ಹಾಗಾದ್ರೆ ತಪ್ಪು ನಂದೇ," ಎಂದ ವಿಲ್ಫ್. ತಪ್ಪು ತನ್ನದಲ್ಲವೆಂಬ ಸಂಶಯ ಅವನ ಹತ್ತಿರಕ್ಕೂ ಸುಳಿಯಲಿಲ್ಲ. ಈ ಕಾರಿನ ಗುಟ್ಟೆಲ್ಲ ತಾನೇ ಹೇಳಿಕೊಟ್ಟ ಹುಡುಗ ತನಗೆ ಸುಳ್ಳು ಹೇಳಿಯಾನೇ?

"ನಿಮಗೀಗ ಎಷ್ಟು ವಯಸ್ಸು, ವಿಲ್ಫ್?" ಎಂದು ಆರ್ಮಿಟೇಜ್ ಬಹಳ ಮೃದುವಾಗಿ ಕೇಳಿದ. ಬೈದಿದ್ದರೂ ವಾಸಿಯಿತ್ತು. ಪ್ರದರ್ಶನಕ್ಕೆ ಹೊತ್ತಿಲ್ಲವೆಂದು ಆ ಸಂಜೆಯೇ ಮೂತಿಯನ್ನು ಕತ್ತರಿಸಿ, ಪಟ್ಟಿ ಸೇರಿಸಿ, ಬಣ್ಣ ಬಳಿಯಲು ಕಳಿಸಿದರು. ಇನ್ನು ತಪ್ಪು ಯಾರದೆಂದು ಅದನ್ನು ಯಾರೂ ನಕ್ಷೆಗೆ ಹಿಡಿದು ನೋಡುವಂತಿರಲಿಲ್ಲ. ಎಲ್ಲರೂ ಹೋದ ಮೇಲೆ ಲೆನ್ ಕಾರಿನ ಬಲಗಡೆ ಟೇಪು ಹಿಡಿದ. ವಿಲ್ಫ್ ಹೇಳಿದ್ದ ಕಡೆಯಲ್ಲೇ ಅರ್ಧ ಇಂಚು ಹೆಚ್ಚುಕಮ್ಮಿ ಇತ್ತು.

ನಾಳೆ ಹೇಳುತ್ತೇನೆ ಅಂದುಕೊಂಡ. ಮರುದಿನವೂ ಹಾಗೆಯೇ ಅಂದುಕೊಂಡ.

ತಗಡು ಬಡಿಯುವವರು ಕಣ್ಣನ್ನು ಅಷ್ಟಾಗಿ ನಂಬುವುದಿಲ್ಲ. ಕಣ್ಣು ಮುಚ್ಚಿ ತಗಡಿನ ಮೇಲೆ ಅಂಗೈ ಆಡಿಸುತ್ತಾರೆ, ಉಬ್ಬುತಗ್ಗನ್ನು ಅಂಗೈಯೇ ಹೇಳುತ್ತದೆ. ವಿಲ್ಫ್ ಈಗ ತನ್ನ ಅಂಗೈಯನ್ನೇ ಅನುಮಾನಿಸತೊಡಗಿದ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರನ್ನು ಕರೆದು, "ಇಲ್ಲಿ ಮುಟ್ಟಿ ನೋಡು, ನುಣ್ಣಗಿದ್ಯಾ?" ಎಂದು ಕೇಳುತ್ತಿದ್ದ. ಅವರು ಇದೆ ಅಂದರೂ ಮತ್ತೆ ಮತ್ತೆ ಸವರುತ್ತಿದ್ದ. ಒಂದು ವಾರಕ್ಕೆ ತಾನೇ ಹೋಗಿ ರಾಜೀನಾಮೆ ಕೊಟ್ಟು ಬಂದ.

ಅದು ಸಾಲದೆಂಬಂತೆ, ತನ್ನ ಕೈತೋಟದ ಹುರುಳಿಕಾಯಿಯನ್ನು ಪೇಪರಿನಲ್ಲಿ ಸುತ್ತಿ ಲೆನ್‌ನ ಮೇಜಿಗೆ ತಂದಿಟ್ಟ. "ನಿನ್ನ ನಕ್ಷೆ ನಾನು ಹಾಳು ಮಾಡ್ದೆ ಕಣೋ. ಬೇಜಾರ್ ಮಾಡ್ಕೋಬೇಡ." ರಾತ್ರಿ ಹೆಂಡತಿ ಅದನ್ನು ಬೇಯಿಸಿ ಬೆಣ್ಣೆ ಹಾಕಿ ಬಡಿಸಿದಳು. ಲೆನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ತನ್ನ ಮೇಲೆ ತನಗೇ ಹೇಸಿಗೆ ಬಂತು.

ಕೊನೆಯ ಶುಕ್ರವಾರ ಬಂತು. ಆ ಕಾರ್ಖಾನೆಯಲ್ಲಿ ಕೆಲಸ ಬಿಟ್ಟು ಹೋಗುವವನಿಗೆ ಹಾರವಿಲ್ಲ, ಭಾಷಣವಿಲ್ಲ. ಅವನು ಬಾಗಿಲ ಕಡೆ ನಡೆಯುವಾಗ ಉಳಿದವರೆಲ್ಲ ಸುತ್ತಿಗೆಯಿಂದ ಬೆಂಚು ಬಡಿಯುತ್ತಾರೆ. ಎಷ್ಟು ಸದ್ದೋ ಅಷ್ಟು ಮರ್ಯಾದೆ. ವಿಲ್ಫ್ ಕೋಟು ತೊಟ್ಟು ಎದ್ದು ನಿಂತದ್ದೇ ಮೂವತ್ತು ಸುತ್ತಿಗೆಗಳು ಒಟ್ಟಿಗೆ ಬಿದ್ದವು. ಗಾಜಿನ ಮಾಡು ಅದುರಿತು. ಮುದುಕನ ಮುಖ ಮೂರು ವಾರಗಳ ನಂತರ ಮೊದಲ ಸಲ ಅರಳಿತು.

ಲೆನ್‌ಗೆ ತಡೆಯಲಾಗಲಿಲ್ಲ. "ನಾನು ಬಲಗಡೆ ಅಳೆದಿರ್ಲಿಲ್ಲ!" ಎಂದು ಕೂಗಿದ. ಯಾರಿಗೂ ಕೇಳಿಸಲಿಲ್ಲ. ಓಡಿಹೋಗಿ ವಿಲ್ಫ್‌ನ ದಾರಿಗೆ ಅಡ್ಡ ನಿಂತ. ಏನೋ ಆಗಿದೆಯೆಂದು ಒಂದೊಂದೇ ಸುತ್ತಿಗೆ ನಿಂತಿತು.

"ನಾನು ಎಡಗಡೆ ಮಾತ್ರ ಅಳೆದಿದ್ದೆ, ವಿಲ್ಫ್. ನಿಮ್ಮ ಕೈ ಸರಿಯಾಗೇ ಇತ್ತು."

"ಯಾವಾಗ ಗೊತ್ತಾಯ್ತು ನಿಂಗೆ?"

"ಅವತ್ತೇ."

ವಿಲ್ಫ್ ತನ್ನ ಅಂಗೈಯನ್ನು ನೋಡಿಕೊಂಡ. ಆರ್ಮಿಟೇಜ್ ಮುಂದೆ ಬಂದು, "ಹಾಗಾದ್ರೆ ನೀವು ಹೋಗೋದೇ ಬೇಡ ವಿಲ್ಫ್, ಆ ಕಾಗದ ಹರಿದು ಹಾಕ್ತೀನಿ," ಎಂದ.

"ಹರೀರಿ ಸಾರ್. ಮೂರು ವಾರದಿಂದ ಚಹಾದ ಲೋಟ ಹಿಡಿಯೋಕೂ ಈ ಕೈನ ನಂಬಿಲ್ಲ ನಾನು. ಆ ಮೂರು ವಾರಾನ ಹೆಂಗೆ ಹರೀತೀರಿ?"

ಮೂಲೆಯಲ್ಲಿದ್ದ ಒಬ್ಬ ಮತ್ತೆ ಸುತ್ತಿಗೆ ಎತ್ತಿದ. ವಿಲ್ಫ್ ಬೇಡವೆಂದು ಕೈ ಅಡ್ಡ ಮಾಡಿ, ಅವನ ಸುತ್ತಿಗೆಯನ್ನು ಇಸಿದುಕೊಂಡು ತಂದು ಲೆನ್‌ನ ಕೈಗಿಟ್ಟ.

"ನೀವ್ಯಾರೂ ಬಾರಿಸ್ಬೇಡಿ. ಇವನೊಬ್ನೇ ಬಾರಿಸ್ಲಿ. ನಾನು ಗೇಟು ದಾಟೋ ತನಕ ನಿಲ್ಲಿಸ್ಬಾರ್ದು."

ಲೆನ್ ಬಡಿಯತೊಡಗಿದ. ಪೆನ್ಸಿಲ್ ಹಿಡಿದೇ ಬದುಕಿದ ಕೈ ಅದು. ಏಟು ಒಂದು ಜೋರಾಗಿ ಬಿದ್ದರೆ ಇನ್ನೊಂದು ಜಾರುತ್ತಿತ್ತು. ಮೂವತ್ತು ಜನ ಕೈಕಟ್ಟಿ ನೋಡುತ್ತಿದ್ದರು. ಮುದುಕ ಅಂಗಳವನ್ನು ನಿಧಾನವಾಗಿ ದಾಟಿದ. ಗೇಟಿನ ಬಳಿ ನಿಂತು ಪೈಪಿಗೆ ತಂಬಾಕು ತುಂಬಿದ, ಕಾವಲುಗಾರನ ಹತ್ತಿರ ಫುಟ್‌ಬಾಲಿನ ಮಾತು ತೆಗೆದ. ಲೆನ್‌ನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಸಾಕು ನಿಲ್ಲಿಸು ಎಂದು ಒಬ್ಬರೂ ಹೇಳಲಿಲ್ಲ. ವಿಲ್ಫ್ ಇನ್ನೂ ಗೇಟಿನ ಒಳಗೇ ನಿಂತಿದ್ದ.