ಬೆಳಗಿನ ಆರರ ಟೆಸ್ಟಿಂಗ್

ಆಂಬುಲೆನ್ಸ್ ಕಂಪನಿಯ ರೇಡಿಯೋ ಮೆಕ್ಯಾನಿಕ್‌ಗೆ ದಿನಕ್ಕೆ ಮಾತುಕತೆ ಅಂತ ಇದ್ದದ್ದು ಒಂದೇ. ಬೆಳಗ್ಗೆ ಆರಕ್ಕೆ ಮೈಕ್ ಒತ್ತಿ, "ಕೇಳಿಸ್ತಿದೆಯಾ ಅಣ್ಣಾ?" ಎನ್ನುತ್ತಿದ್ದ. ಗುಡ್ಡದ ಮೇಲಿನ ಕಾವಲುಗಾರ, ಇವನ ಬಾಯಲ್ಲಿ ಗುಡ್ಡದಣ್ಣ, "ಚೆನ್ನಾಗಿ ಕೇಳಿಸ್ತಿದೆ. ತಿಂಡಿ ಆಯ್ತಾ?" ಎನ್ನುತ್ತಿದ್ದ. ಇವನ ಹೆಂಡತಿ ತೀರಿಕೊಂಡ ಮೇಲೆ ಆ ಪ್ರಶ್ನೆ ಕೇಳುವವನು ಅವನೊಬ್ಬನೇ. ಹನ್ನೊಂದು ವರ್ಷವಾದರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಗುಡ್ಡದಣ್ಣ ಕಾಯುತ್ತಿದ್ದ ರಿಪೀಟರ್, ಅಂದರೆ ಫೋನ್ ಸಿಗದ ಕಡೆಯೂ ಒಂದು ಗಾಡಿಯ ಮಾತನ್ನು ಹಿಡಿದು ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆ, ಮುದಿಯಾಗಿತ್ತು. ಹೊಸದಕ್ಕೆ ಮೂರು ದರಪಟ್ಟಿ ಬಂದಿದ್ದವು. ಯಾವುದು ಬೇಕೆಂದು ನೀನೇ ಬರೆದುಕೊಡು ಎಂದರು ಮ್ಯಾನೇಜರ್.

ಅಗ್ಗದ್ದನ್ನು ಅವನು ಮೂಸಿಯೂ ನೋಡಲಿಲ್ಲ. ಅರ್ಧ ಗಂಟೆ ಎಡೆಬಿಡದೆ ಮಾತಾಡಿದರೆ ಕಾದು ಬಾಯಿ ಮುಚ್ಚಿಕೊಳ್ಳುವ ಜಾತಿ. ಎರಡರಷ್ಟು ಬೆಲೆಯ ನಡುವಿನದು ಗಟ್ಟಿಮುಟ್ಟು. ಆದರೆ ಕೆಟ್ಟರೆ ತಾನಾಗಿ ಹೇಳದು. ಪಕ್ಕದಲ್ಲಿ ಆಳಿರಬೇಕು, ದಿನಾ ಕೂಗಿ ನೋಡಬೇಕು. ಐದರಷ್ಟು ಬೆಲೆಯ ಮೂರನೆಯದು ತನ್ನ ಬಿಸಿ, ಬ್ಯಾಟರಿ, ಆಂಟೆನಾ ಎಲ್ಲದರ ವರದಿಯನ್ನೂ ತಾನೇ ಕಳಿಸುತ್ತದೆ. ಗುಡ್ಡದ ಮೇಲೆ ನರಪಿಳ್ಳೆಯೂ ಬೇಕಿಲ್ಲ.

ನಡುವಿನದೇ ಸಾಕು ಎಂದು ಬರೆದ. ಗುಡ್ಡದಣ್ಣನೂ ಅಲ್ಲೇ ಉಳಿಯುತ್ತಾನೆ, ಕಂಪನಿಗೂ ಉಳಿತಾಯ, ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಸಹಿ ಹಾಕಲು ಮಾತ್ರ ಕೈ ಬರಲಿಲ್ಲ. ಹೋದ ವರ್ಷ ಹಳೆಯದು ಬೆಳಗಿನ ಟೆಸ್ಟಿಂಗ್ ಮುಗಿದ ಮೇಲೆ ಕೆಟ್ಟಿತ್ತು. ಮಧ್ಯಾಹ್ನದವರೆಗೆ ಪಕ್ಕದಲ್ಲೇ ಇದ್ದ ಗುಡ್ಡದಣ್ಣನಿಗೂ ಗೊತ್ತಾಗದೆ, ಬಸುರಿಯನ್ನು ಕೂರಿಸಿಕೊಂಡ ಗಾಡಿಯೊಂದು ದಾರಿ ಕೇಳಲಾಗದೆ ಅಲೆದಿತ್ತು. ಕೂಸು ಉಳಿಯಲಿಲ್ಲ. ಅವನು ಹಾಳೆ ಹರಿದು ಮೂರನೆಯದನ್ನು ಬರೆದ.

ಮರುದಿನ ಆರಕ್ಕೆ ವಿಷಯವನ್ನು ಹೇಗೋ ಹೇಳಿ ಮುಗಿಸಿದ.

"ಒಳ್ಳೇದೇ ಮಾಡಿದೆ ಬಿಡು. ಮಂಡಿನೋವು ಬೇರೆ. ಮಗಳ ಮನೆಗೆ ಹೋಗ್ತೀನಿ," ಎಂದ ಗುಡ್ಡದಣ್ಣ.

ಅಂದು ಅವನು ತಿಂಡಿಯ ವಿಷಯ ಕೇಳಲಿಲ್ಲ. ತಿಂಗಳೊಳಗೆ ಗುಡ್ಡದಿಂದ ಇಳಿದು ಹೋದ. ಒಂದು ಗುಂಡಿ ಒತ್ತಿದರೆ ಸಿಗುತ್ತಿದ್ದವನ ಫೋನ್ ನಂಬರ್ ಕೇಳಿಟ್ಟುಕೊಳ್ಳಬೇಕೆಂದು ಮೆಕ್ಯಾನಿಕ್‌ಗೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಹೊಸ ಯಂತ್ರ ಕೂತ ಮೊದಲ ಬೆಳಗ್ಗೆ ಪರದೆಯ ಮೇಲೆ ಎಲ್ಲವೂ ಸರಿಯಿದೆ ಎಂಬ ವರದಿ ಬಂದಿತ್ತು. ಆದರೂ ಆರಕ್ಕೆ ಅವನ ಕೈ ತಾನಾಗಿ ಮೈಕ್‌ಗೆ ಹೋಯಿತು.

"ಕೇಳಿಸ್ತಿದೆಯಾ ಅಣ್ಣಾ?"

ಇಷ್ಟು ವರ್ಷ ಬರೀ ಗೊರಗೊರ ಸದ್ದು ಬರುತ್ತಿದ್ದ ದೂರದ ದಾರಿಯಿಂದ ಗುರುತಿಲ್ಲದ ಡ್ರೈವರನ ದನಿ ಪಕ್ಕದಲ್ಲೇ ಕೂತು ಮಾತಾಡಿದಂತೆ ಬಂತು.

"ಚೆನ್ನಾಗಿ ಕೇಳಿಸ್ತಿದೆ ಸಾರ್. ಯಾರು ಬೇಕಿತ್ತು?"

"ಯಾರೂ ಇಲ್ಲಪ್ಪ," ಎಂದ ಮೆಕ್ಯಾನಿಕ್. "ಟೆಸ್ಟಿಂಗ್ ಅಷ್ಟೇ."