ಗಿಡುಗನ ರೆಕ್ಕೆಯ ತೇಪೆ

ಮಾವನನ್ನು ಬಂಧುಬಳಗವೆಲ್ಲ ಜನರಲ್ ಎಂದು ಕರೆಯುತ್ತಿತ್ತು. ಅವರು ಸೈನ್ಯದ ಗೇಟು ದಾಟಿದವರಲ್ಲ. ನೀರು ಸರಬರಾಜು ಕಚೇರಿಯಲ್ಲಿ ನಲ್ಲಿ ಮೀಟರು ಓದುತ್ತ ಓದುತ್ತ ನಿವೃತ್ತರಾದವರು. ಆದರೆ ಅವರ ಅಪ್ಪ ಯುದ್ಧಕ್ಕೆ ಹೋಗಿ ಬಂದಿದ್ದರು. ಅಪ್ಪನ ತೋಳಿನ ಬ್ಯಾಡ್ಜು, ಅಂದರೆ ಕೆಂಪು ಉಣ್ಣೆಬಟ್ಟೆಯ ಮೇಲೆ ಕಸೂತಿ ಹಾಕಿದ ಒಂದು ಗಿಡುಗ, ಗಾಜಿನ ಚೌಕಟ್ಟಿನೊಳಗೆ ನಡುಮನೆಯಲ್ಲಿ ತೂಗುತ್ತಿತ್ತು. ಗಿಡುಗನ ರೆಕ್ಕೆಯಲ್ಲೊಂದು ತೂತು, ತೂತಿಗೊಂದು ತೇಪೆ. ಮನುಷ್ಯ ಜನರಲ್ ಆಗಲು ಇದಕ್ಕಿಂತ ಹೆಚ್ಚೇನು ಬೇಕು?

ಮಾವ ಹೇಳುವಂತೆ ತೂತು ಶತ್ರುವಿನ ಗುಂಡಿನದು. ಆ ಗುಂಡು ಬ್ಯಾಡ್ಜನ್ನು ತೂರಿ, ತೋಳನ್ನು ಮಾತ್ರ ಮರ್ಯಾದೆಯಿಂದ ಬಳಸಿಕೊಂಡು ಹೋಗಿತ್ತು. ಮರುಕ್ಷಣವೇ ಸೈನಿಕ ಕಂದಕದಲ್ಲಿ ಕೂತು, ಸೂಜಿ ಹಿಡಿದು, ರೆಕ್ಕೆಯನ್ನು ಹೊಲಿದುಬಿಟ್ಟಿದ್ದ. ಆ ಸೈನಿಕ ಅಜ್ಜ ಬದುಕಿದ್ದಾಗ ಈ ಕತೆಯನ್ನು ಯಾರೂ ಕೇಳಿರಲಿಲ್ಲ. ಅವರು ತೀರಿಕೊಂಡ ಮೇಲೆ ಗುಂಡು ಹಾರಿತು. ವರ್ಷ ಕಳೆದಂತೆ ಗುಂಡು ದಪ್ಪವಾಯಿತು, ಶತ್ರು ಹತ್ತಿರ ಬಂದ. ಈಚಿನ ಒಂದು ಮದುವೆ ಊಟದ ಹೊತ್ತಿಗೆ ಅವನು ಉಸಿರು ತಾಗುವಷ್ಟು ಸಮೀಪ ನಿಂತಿದ್ದ.

ಜನರಲ್ ಮಾವನ ಅಕ್ಕನ ಮಗಳಿಗೆ ಸೇನಾ ಮ್ಯೂಸಿಯಮ್ಮಿನಲ್ಲಿ ಕೆಲಸ. ಹಳೆಯ ಸಮವಸ್ತ್ರಗಳ ಬ್ಯಾಡ್ಜುಗಳನ್ನು ನೋಡಿ, ಇದು ಮೂಲ ಹೊಲಿಗೆ, ಇದು ಆಮೇಲಿನ ರಿಪೇರಿ, ಇದು ಸುಮಾರು ಇಂಥ ಕಾಲದ್ದು ಎಂದು ಹೇಳುವುದು ಅವಳ ಕಸುಬು. ನೆಂಟರ ಬಾಯಲ್ಲಿ ಅದು "ಅಲ್ಲೆಲ್ಲೋ ಹರಿದ ಬಟ್ಟೆ ನೋಡ್ಕೊಂಡಿದಾಳೆ" ಎಂದಾಗಿತ್ತು.

ಮ್ಯೂಸಿಯಮ್ಮು ಹೊಸ ಕೋಣೆ ತೆರೆಯಲಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮಾವ ಚೌಕಟ್ಟನ್ನು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಬಂದೇಬಿಟ್ಟರು. ನಿರ್ದೇಶಕರಿಗೂ ಒಂದು ಗುಂಡಿನ ತೂತು ತುರ್ತಾಗಿ ಬೇಕಾಗಿತ್ತು. ಅವರ ಸಂಗ್ರಹದಲ್ಲಿದ್ದ ತೂತುಗಳೆಲ್ಲ ಬಟ್ಟೆಹುಳುಗಳ ಸಾಹಸ.

"ಫಲಕ ಬರೆಯೋಕೆ ಕೊಟ್ಟಾಯ್ತು," ಎಂದರು ನಿರ್ದೇಶಕರು ಅವಳಿಗೆ. "ನೀವು ಒಂದ್ಸಲ ನೋಡಿ ಹೂಂ ಅಂದ್ಬಿಡಿ."

"ನೋಡಿ ಹೂಂ ಅನ್ನೋದಾ, ಹೂಂ ಅಂದು ನೋಡೋದಾ ಸಾರ್?"

ನಿರ್ದೇಶಕರು ನಕ್ಕರು. ಮಾವ ನಗಲಿಲ್ಲ. "ನಮ್ಮ ಹುಡುಗೀನೇ ಸಾರ್. ಮನೆ ಮರ್ಯಾದೆ ಗೊತ್ತಿರೋಳು," ಎಂದು ಅವಳ ಪರವಾಗಿ ಭರವಸೆ ಕೊಟ್ಟರು.

ನಿಜ ಹೇಳಬೇಕೆಂದರೆ ಕತೆ ಸುಳ್ಳಾಗಲಿ ಎಂಬ ಆಸೆ ಅವಳಿಗೇನೂ ಇರಲಿಲ್ಲ. ಅಜ್ಜನ ತೊಡೆಯ ಮೇಲೆ ಬೆಳೆದವಳು. ಅಜ್ಜನಿಗೊಂದು ಗುಂಡು ಸಿಕ್ಕರೆ ಅವಳಿಗೂ ಹೆಮ್ಮೆಯೇ. ಆದರೆ ಬ್ಯಾಡ್ಜನ್ನು ಚೌಕಟ್ಟಿನಿಂದ ಬಿಡಿಸಿ ಭೂತಗನ್ನಡಿಯ ಕೆಳಗಿಟ್ಟರೆ, ಅದು ಒಂದೊಂದೇ ಚಾಡಿ ಹೇಳತೊಡಗಿತು. ಗುಂಡು ಹೊಕ್ಕಿದ್ದರೆ ಎಳೆಗಳು ಹರಿದಿರಬೇಕಿತ್ತು. ಇಲ್ಲಿ ಅಂಚೆಲ್ಲ ಕಂದುಬಣ್ಣವಾಗಿ, ಮುಟ್ಟಿದರೆ ಪುಡಿಯಾಗುವಂತೆ ಸುಟ್ಟಿತ್ತು. ಸುಟ್ಟ ಆಕಾರವೋ ದೋಣಿಯ ಮೂತಿಯ ಹಾಗೆ ಚೂಪು. ಇಂಥ ಮೂತಿಯ ಗುಂಡನ್ನು ಯಾವ ದೇಶದ ಸೈನ್ಯವೂ ಹಾರಿಸಿದ ದಾಖಲೆಯಿಲ್ಲ.

ಇನ್ನು ದಾರದ ಬಣ್ಣ. ಬಟ್ಟೆ ಹೊಸದರಲ್ಲಿ ರಕ್ತಗೆಂಪಾಗಿತ್ತು. ಮಡಿಚಿದ ಅಂಚಿನೊಳಗೆ ಆ ಕೆಂಪು ಇನ್ನೂ ಉಳಿದಿತ್ತು. ಮುಂಭಾಗ ಬಿಸಿಲಿಗೆ ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ತೇಪೆಯ ದಾರ ಹಿಂದೆಯೂ ಮುಂದೆಯೂ ಅದೇ ಇಟ್ಟಿಗೆ ಬಣ್ಣ. ಅಂದರೆ, ಬಟ್ಟೆ ಮುಂದೊಂದು ದಿನ ಹೇಗೆ ಮಾಸುತ್ತದೆಂದು ಅಜ್ಜ ಕಂದಕದಲ್ಲೇ ಊಹಿಸಿ, ಅದಕ್ಕೆ ಹೊಂದುವ ದಾರ ಜೇಬಿನಲ್ಲಿಟ್ಟುಕೊಂಡು ಯುದ್ಧಕ್ಕೆ ಹೋಗಿದ್ದರು. ಎಂಥ ದೂರದೃಷ್ಟಿ! ಸಡಿಲವಾಗಿದ್ದ ಒಂದು ಎಳೆಯ ತುದಿಗೆ ಬಿಸಿ ತಾಗಿಸಿದಳು. ಹತ್ತಿಯಾಗಿದ್ದರೆ ಬೂದಿಯಾಗಬೇಕಿತ್ತು; ಅದು ಕೃತಕ ನೂಲಿನ ಹಾಗೆ ಕರಗಿ ಮಣಿಯಾಯಿತು. ಹಿಂಬದಿಗೆ ಕೊಟ್ಟಿದ್ದ ಬಿಳಿ ಬಟ್ಟೆಯ ಚೂರು ನೇರಳಾತೀತ ದೀಪದ ಕೆಳಗೆ ಸೋಪಿನಪುಡಿ ಜಾಹೀರಾತಿನ ಅಂಗಿಯಂತೆ ನೀಲಿಯಾಗಿ ಫಳಫಳಿಸಿತು. ಇಂಥ ದಾರ, ಇಂಥ ಬಟ್ಟೆ ಅಂಗಡಿಗೆ ಬರುವ ಹೊತ್ತಿಗೆ ಯುದ್ಧ ಮುಗಿದು, ಸೈನಿಕರು ಮನೆಗೆ ಬಂದು, ಮಕ್ಕಳಿಗೆ ಮದುವೆ ಮಾಡುತ್ತಿದ್ದರು.

ದೀಪ ಆರಿಸುವ ಮುನ್ನ ಅವಳ ಕಣ್ಣು ಕೆಳಗಿನ ಮೂಲೆಗೆ ಹೋಯಿತು. ಅಲ್ಲಿ ಖಾಕಿ ಹತ್ತಿದಾರದ ನಾಲ್ಕಾರು ಹೊಲಿಗೆಗಳು, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಅವು ಹೊಳೆಯಲಿಲ್ಲ. ಮುಂಬದಿಯಲ್ಲಿ ಬಟ್ಟೆಯ ಜೊತೆಗೇ ಮಾಸಿದ್ದವು, ಹಿಂಬದಿಯಲ್ಲಿ ಹೊಸದರಂತಿದ್ದವು. ಸಮವಸ್ತ್ರದ ತೋಳಿನ ಒಂದು ಚೂರು ಇನ್ನೂ ಅವುಗಳಿಗೆ ಅಂಟಿಕೊಂಡಿತ್ತು. ಕಿತ್ತುಬಂದ ಮೂಲೆಯನ್ನು ಸೈನ್ಯದಲ್ಲಿದ್ದಾಗಲೇ, ಹೊಲಿಗೆ ಬಾರದ ಕೈಯೊಂದು ಕೂರಿಸಿತ್ತು. ಕೊನೆಯಲ್ಲಿ ದಾರ ಜಾರದಿರಲೆಂದು ಹಾಕಿದ ದಪ್ಪ ಗಂಟು. ಅಜ್ಜ ಅಂಗಿಗೆ ಗುಂಡಿ ಹೊಲಿದುಕೊಂಡರೂ ಇದೇ ಗಂಟು ಅವರ ಕುತ್ತಿಗೆಗೆ ಒತ್ತುತ್ತಿತ್ತು. ಅವಳು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಳು.

ರಜೆಯ ದಿನ ಮಧ್ಯಾಹ್ನ ಮಾವನ ಮನೆಗೆ ಹೋದಳು. ವಿಷಯ ಬಾಯಲ್ಲಿನ ಬಿಸಿ ತುಪ್ಪವಾಗಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಆದಷ್ಟು ಮೆತ್ತಗೆ ಹೇಳಿದಳು.

"ನಿನ್ನ ದೀಪಕ್ಕೇನು ಗೊತ್ತು ಯುದ್ಧ?" ಎಂದು ಗುಡುಗಿದರು ಮಾವ.

"ಮಾವ, ಅದು ಸುಟ್ಟ ತೂತು."

"ಗುಂಡು ತಣ್ಣಗಿರುತ್ತೇನೇ?"

"ದಾರ ಆ ಕಾಲದ್ದಲ್ಲ."

"ನಮ್ಮಪ್ಪ ಕಾಲಕ್ಕಿಂತ ಮುಂದಿದ್ರು!"

ಕಿಟಕಿಯ ಬಳಿ ಕೂತು ಪೇಪರಿನಲ್ಲಿ ಪದಬಂಧ ತುಂಬುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಅದು ನನ್ನ ಇಸ್ತ್ರಿಪೆಟ್ಟಿಗೆ," ಎಂದರು.

ಮಾವ ಗಕ್ಕನೆ ಅತ್ತೆಯ ಕಡೆ ತಿರುಗಿದರು.

"ಮದುವೆಯಾದ ಹೊಸದರಲ್ಲಿ. ಮುದುರ್ಕೊಂಡಿತ್ತು ಅಂತ ಇಸ್ತ್ರಿ ಹಾಕೋಕೆ ಹೋದೆ, ಮೂತಿ ಅಂಟ್ಕೊಂಡ್ತು. ನಿಮ್ಮಜ್ಜ ನೋಡಿ ನಕ್ರು ಕಣೇ. 'ಇಷ್ಟು ವರ್ಷ ಗಾಯ ಇಲ್ದೆ ಬದುಕಿತ್ತು ಪಾಪ' ಅಂದ್ರು. ನನ್ನ ಲಂಗದ ಅಂಚು ಕತ್ತರಿಸಿ ಹಿಂದೆ ಕೊಟ್ಟು ಹೊಲಿದೆ."

"ನನಗೆ ಹೇಳ್ಲೇ ಇಲ್ಲ?" ಮಾವನ ದನಿ ಮೀಟರು ಓದುವವರ ಮಟ್ಟಕ್ಕೆ ಇಳಿದಿತ್ತು.

"ನೀವು ಮೊದಲ ಸಲ ಗುಂಡು ಹಾರಿಸಿದ ದಿನಾನೇ ಹೇಳ್ದೆ. ಆಮೇಲೂ ಹೇಳ್ದೆ. ಕೇಳಿಸ್ಕೊಂಡಿದ್ರೆ ತಾನೇ? 'ಸುಮ್ನಿರು, ಯುದ್ಧದ ವಿಷಯ ನಿಂಗೆ ಗೊತ್ತಾಗಲ್ಲ' ಅಂದ್ರಿ. ಸರಿ, ಇವರ ಯುದ್ಧ ಇವರಿಗಿರ್ಲಿ ಅಂತ ಸುಮ್ನಾದೆ." ಅತ್ತೆ ಪೆನ್ನಿನ ತುದಿ ಕಚ್ಚಿದರು. "ಮೂರಕ್ಷರದ ಪದ. 'ಬೊಗಳೆ'ಗೆ ಇನ್ನೊಂದು ಹೆಸರೇನೇ?"

ಮಾವ ಎದ್ದು, ಗೋಡೆಯ ಮೇಲೆ ಚೌಕಟ್ಟಿದ್ದ ಖಾಲಿ ಜಾಗವನ್ನು ನೋಡುತ್ತ ನಿಂತರು. ಅವರ ಬೆನ್ನು ನೋಡಿ ಅವಳಿಗೆ ಸಂಕಟವಾಯಿತು. ಹತ್ತಿರ ಹೋಗಿ ಮೂಲೆಯ ಹೊಲಿಗೆಯ ವಿಷಯ ಹೇಳಿದಳು, ಗಂಟಿನ ವಿಷಯವನ್ನೂ ಹೇಳಿದಳು.

"ಮೂಲೆ ಹೊಲಿಯೋದು ಏನು ಮಹಾ," ಎಂದರು ಮಾವ. ಆಮೇಲೆ ಅವಳತ್ತ ತಿರುಗಿ ಕೇಳಿದರು: "ಗಂಟು ದಪ್ಪಗಿದೆಯಾ?"

"ದಪ್ಪಗಿದೆ ಮಾವ."

"ಅಪ್ಪಂದೇ," ಎಂದು ಅವರು ಕನ್ನಡಕ ಒರೆಸಿಕೊಂಡರು.

ನಿರ್ದೇಶಕರು ಫಲಕ ಮತ್ತೆ ಬರೆಸಬೇಕಾದ ದುಃಖವನ್ನು ಎರಡು ಸಭೆಗಳಲ್ಲಿ ತೋಡಿಕೊಂಡು, ಕೊನೆಗೆ ಒಪ್ಪಿದರು. 'ಮೂಲೆಯ ಹೊಲಿಗೆ ಸೈನಿಕನದು. ರೆಕ್ಕೆಯ ತೇಪೆ, ಬಹಳ ವರ್ಷಗಳ ನಂತರ, ಆತನ ಸೊಸೆಯದು.' ಕೋಣೆ ತೆರೆದ ದಿನ ಫಿರಂಗಿಯ ಮುಂದೆ ನಿಂತವರಿಗಿಂತ ಈ ಗಾಜಿನ ಮುಂದೆ ನಿಂತವರೇ ಹೆಚ್ಚು. ಕಾರಣ, ಪಕ್ಕದಲ್ಲಿ ಜನರಲ್ ಮಾವ ನಿಂತಿದ್ದರು. ಜಟ್ಟಿ ಕೆಳಗೆ ಬಿದ್ದಿದ್ದರೂ ಮೀಸೆಗೆ ಮಣ್ಣು ತಾಗಿರಲಿಲ್ಲ.

"ಶತ್ರುವಿನ ಗುಂಡಿಗೆ ಆಗದ್ದು," ಎಂದು ಅವರು ಜನರಿಗೆ ಹೇಳುತ್ತಿದ್ದರು, "ನನ್ನ ಹೆಂಡ್ತಿ ಇಸ್ತ್ರಿಪೆಟ್ಟಿಗೆಗೆ ಆಯ್ತು! ಏನು ಪೆಟ್ಟಿಗೆ ಅಂತೀರಿ, ಎತ್ತೋಕೆ ಇಬ್ರು ಬೇಕಿತ್ತು..."

"ಇನ್ನೊಂದು ವರ್ಷಕ್ಕೆ ಅದು ಟ್ಯಾಂಕ್ ಆಗುತ್ತೆ ನೋಡ್ತಿರು," ಎಂದರು ಅತ್ತೆ ಅವಳ ಕಿವಿಯಲ್ಲಿ. ಆಮೇಲೆ ಗಾಜಿಗೆ ಮೂಗು ತಾಗಿಸಿ ಕೆಳಮೂಲೆಯನ್ನು ಪರೀಕ್ಷಿಸಿದರು. "ಅಯ್ಯೋ, ಏನೇ ಇದು, ಹೀಗಾ ಹೊಲಿಯೋದು? ಬಿಚ್ಚಿ ಕೊಡು, ಐದು ನಿಮಿಷದಲ್ಲಿ ನೀಟಾಗಿ ಹಾಕಿಕೊಡ್ತೀನಿ."

"ಅತ್ತೆ," ಎಂದು ಅವಳು ಅವರ ಕೈ ಹಿಡಿದು ಮೆಲ್ಲಗೆ ಹಿಂದಕ್ಕೆಳೆದಳು, "ದಮ್ಮಯ್ಯ, ಗಾಜಿನಿಂದ ಸ್ವಲ್ಪ ದೂರ ನಿಲ್ಲಿ."