ಚೌಕದ ತೇಪೆ

ರಸ್ತೆ ರಿಪೇರಿ ಗ್ಯಾಂಗಿನ ಮೂವರು ಪಿಕಾಸಿ ಹಿಡಿದು ಗುಂಡಿಯ ಅಂಚನ್ನು ಚೌಕವಾಗಿ ಕಡಿಯುತ್ತಿದ್ದರು. ಮಸಣದ ದಾರಿಯಲ್ಲಿ ಇದೇ ಕೊನೆಯದು, ಎಲ್ಲಕ್ಕಿಂತ ಆಳದ್ದು. ಮೂವತ್ತು ವರ್ಷ ಈ ರಸ್ತೆಗೆ ತೇಪೆ ಹಾಕಿದ ಮೇಸ್ತ್ರಿ ಇನ್ನೊಂದು ಗಂಟೆಯಲ್ಲಿ ವ್ಯಾನಿನೊಳಗೆ ಮಲಗಿ ಇದರ ಮೇಲೆಯೇ ಹೋಗಬೇಕಿತ್ತು.

ಅವನ ಹೆಂಡತಿ ಬೆಳಗಿನಿಂದ ಕೇಳಿದ್ದು ಒಂದೇ: ಕುಲುಕಿಸದೆ ಕರೆದುಕೊಂಡು ಹೋಗಿ. ಕೊನೆಯ ವರ್ಷವೆಲ್ಲ ಬೆನ್ನುನೋವು. ಮಂಚ ಅಲುಗಿದರೂ ಚೀರುತ್ತಿದ್ದ. ಸತ್ತವನಿಗೆ ನೋವೆಲ್ಲಿಯದು ಎಂದು ಹೇಳುವ ಬಾಯಿ ಯಾರಿಗೂ ಇರಲಿಲ್ಲ.

ಹಾಕಿದ ಡಾಂಬರು ಆರಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಜಲ್ಲಿ ಲಾರಿಗಳನ್ನು ತಡೆಯಬಲ್ಲವನು ಕ್ವಾರಿಯ ತೂಕದ ಗೇಟಿನ ಗುಮಾಸ್ತ. ಅವನು ಅವಳ ಒಡಹುಟ್ಟಿದ ತಮ್ಮ. ಬೆಳಿಗ್ಗೆ ಹೆಣದ ಕಾಲು ಮುಟ್ಟಿ ಹೇಳಿ ಹೋಗಿದ್ದ.

“ತಡೀತೀನಿ ಅಕ್ಕ. ಅಷ್ಟೂ ಮಾಡ್ದಿದ್ರೆ ನಾನ್ಯಾಕೆ ಇರೋದು?”

* * *

ಹಿಂದೊಮ್ಮೆ ಮೇಸ್ತ್ರಿಯೇ ಆ ಗೇಟಿನ ಕಿಟಕಿಗೆ ಹೋಗಿ ನಿಂತಿದ್ದ. ಇಮ್ಮಡಿ ಹೇರಿದ ಲಾರಿಗಳಿಗೆಲ್ಲ ಗುಮಾಸ್ತ ಕಣ್ಣುಮುಚ್ಚಿ ಚೀಟಿ ಹರಿದು ಕೊಡುತ್ತಿದ್ದ.

“ಹಾಕಿದ್ದು ಆರೋವರೆಗಾದ್ರೂ ನಿಲ್ಸೋ. ಈ ಭಾರಕ್ಕೆ ಮೇಲಿನ ಡಾಂಬರಲ್ಲ, ಅಡಿಯ ನೆಲಾನೇ ಕುಸಿಯುತ್ತೆ.”

“ಗುಂಡಿನೇ ಬೀಳ್ದಿದ್ರೆ ನಿಮಗೇನು ಕೆಲ್ಸ ಭಾವ?”

ಮೇಸ್ತ್ರಿಯೂ ನಕ್ಕುಬಿಟ್ಟ. ವಾಪಸು ಬಂದು, ಕಿತ್ತುಹೋಗಿದ್ದ ಅದೇ ಗುಂಡಿಯನ್ನು ಮತ್ತೆ ಚೌಕವಾಗಿ ಕಡಿಯತೊಡಗಿದ. ಅಂಚು ನೆಟ್ಟಗಿಲ್ಲದಿದ್ದರೆ ತೇಪೆ ನಿಲ್ಲುವುದಿಲ್ಲ ಎಂಬುದು ಅವನ ಹಟ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಹ ಕೆಲಸ. ಯಾರು ನೋಡುತ್ತಾರೆಂದು ಗ್ಯಾಂಗಿನವರು ಛೇಡಿಸಿದರೆ ಹೇಳುತ್ತಿದ್ದ:

“ನೋಡಲ್ಲ. ಹೋಗೋರ ಬೆನ್ನಿಗೆ ಗೊತ್ತಾಗುತ್ತೆ.”

* * *

ಡಾಂಬರು ಹಾಕಿದ ಮೇಲೆ ಗುಮಾಸ್ತ ಹತ್ತು ನಿಮಿಷ ತಡೆದ. ಸುಳ್ಳು ಹೇಳಬಾರದು, ಪೂರ್ತಿ ಹತ್ತು ನಿಮಿಷ. ಆಮೇಲೆ ಕ್ವಾರಿ ಮಾಲೀಕನ ಫೋನು ಬಂತು. ಭಾವ ತೀರಿಕೊಂಡಿದ್ದಾರೆ ಎಂದ ಗುಮಾಸ್ತ. ತೀರಿಕೊಂಡವರಿಗೆ ಆತುರವಿರುವುದಿಲ್ಲ, ಲಾರಿಗಳಿಗಿರುತ್ತದೆ ಎಂದಿತು ಆ ಕಡೆಯ ದನಿ. ಕೆಲಸ ಹೋದೀತೆಂಬ ಭಯಕ್ಕೆ ಅವನು ಗೇಟು ಎತ್ತಿದ.

ಗ್ಯಾಂಗಿನವರು ಕೈ ಅಡ್ಡ ಹಿಡಿದರು. ಲಾರಿಗಳು ನಿಲ್ಲಲಿಲ್ಲ. ನಾಲ್ಕನೆಯದು ಹೋಗುವಷ್ಟರಲ್ಲಿ ಚೌಕ ಕುಸಿದು, ಬಿಸಿ ಡಾಂಬರು ಚಕ್ರಗಳಿಗೆ ಅಂಟಿಕೊಂಡು ಹೊರಟುಹೋಗಿತ್ತು.

ವ್ಯಾನು ಬಂತು. ಒಳಗೆ ಹೆಣದ ಬಳಿ ಕೂತ ಹೆಂಡತಿ ರಸ್ತೆ ಸರಿಯಾಗಿದೆ ಎಂದೇ ನಂಬಿದ್ದಳು. ರಸ್ತೆಯ ಪಕ್ಕದಲ್ಲಿ ನಿಂತ ಗ್ಯಾಂಗಿನವರು ತಲೆ ಎತ್ತಲಿಲ್ಲ. ಡ್ರೈವರು ನಿಧಾನ ಮಾಡಿದ, ಆದರೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ವ್ಯಾನು ಒಂದು ಕಡೆಗೆ ವಾಲಿ ಗುಂಡಿಗೆ ಧಡ್ಡನೆ ಇಳಿಯಿತು. ಹೆಣ ಹಲಗೆಯ ಮೇಲೆ ಎಗರಿತು.

ಅವಳು ಬಾಗಿ ಎರಡೂ ಕೈಗಳನ್ನು ಅವನ ಬೆನ್ನಿನಡಿಗೆ ತೂರಿಸಿದಳು, ಮಗ್ಗುಲು ಬದಲಿಸುವಾಗ ದಿನಾ ಮಾಡುತ್ತಿದ್ದ ಹಾಗೆ.

“ಆಯ್ತು, ಆಯ್ತು. ಇದೊಂದೇ.”

ಅಲ್ಲಿಂದಾಚೆ ರಸ್ತೆ ನುಣ್ಣಗಿತ್ತು. ಲಾರಿಗಳು ಗುಂಡಿ ದಾಟಿ ಬೇರೆ ದಾರಿಗೆ ತಿರುಗುತ್ತವೆ, ಮಸಣದ ಕಡೆಗೆ ಹೋಗುವುದಿಲ್ಲ. ಆದರೂ ಅವಳು ಕೈ ತೆಗೆಯಲಿಲ್ಲ.